ಗಾಡಿ ಮಲಗಿದೆ, ಮುಟ್ಟಬೇಡಿ

ಬೆಳಗ್ಗೆ ಐದೂಮುಕ್ಕಾಲು. ತಗಡಿನ ಶೆಡ್ಡಿನ ನಡುವೆ ಬೂದು ಬಣ್ಣದ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದರ ಸುತ್ತ ಸೀಮೆಸುಣ್ಣದಲ್ಲಿ ಎಳೆದ ಗೆರೆ. ಗೆರೆಯಾಚೆ ಒಂದು ಮರದ ಸ್ಟೂಲು, ಅದರ ಮೇಲೆ ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಒಂದು ಕಣ್ಣು ಬ್ಯಾಟರಿಗೆ ಸಿಕ್ಕಿಸಿದ ಹಳದಿ ಮೀಟರಿನ ಮೇಲೆ, ಇನ್ನೊಂದು ಕಣ್ಣು ಮಡಿಲಲ್ಲಿರುವ ಫೋನಿನ ಮೇಲೆ. ಇಪ್ಪತ್ತೈದು ನಿಮಿಷದಿಂದ ಅವರು ಏನೂ ಮಾಡಿಲ್ಲ. ನೋಡುವವರಿಗೆ ಸೋಮಾರಿತನದಂತೆ ಕಾಣುವ ಈ ಕೂರುವಿಕೆಯೇ ಅವರ ಕೆಲಸ.

ಅಷ್ಟರಲ್ಲಿ ಕಾರಿನ ಒಡೆಯ ಬರುತ್ತಾನೆ. ಹಿಂದಿನ ಸೀಟಿನಲ್ಲಿ ಕೊಡೆ ಮರೆತಿದ್ದಾನಂತೆ. ಗೆರೆ ದಾಟಿದ ಕೈ ನೇರ ಬಾಗಿಲ ಹಿಡಿಕೆಗೆ ಹೋಗುತ್ತದೆ.

"ಕೈ!" ಎಂದು ಹೆಂಗಸು ಕೂಗುತ್ತಾರೆ. ತಡವಾಗಿದೆ. ಒಳಗಿನ ದೀಪ ಹತ್ತುತ್ತದೆ, ಸೊನ್ನೆಯ ಹತ್ತಿರಕ್ಕೆ ಇಳಿಯುತ್ತಿದ್ದ ಮೀಟರಿನ ಅಂಕಿ ಒಂದೇ ನೆಗೆತಕ್ಕೆ ಆರು ಆಂಪಿಯರಿಗೆ ಏರುತ್ತದೆ.

"ಇಪ್ಪತ್ತೈದು ನಿಮಿಷ ಹೊಳೇಲಿ ಹುಣಸೇಹಣ್ಣು ಕಿವುಚಿದ ಹಾಗಾಯ್ತಲ್ರೀ!"

"ಬರೀ ಕೊಡೆ ತಗೊಂಡೆ ಮೇಡಂ. ನಾನೇನೂ ಮುಟ್ಟಿಲ್ಲ."

"ಎಲ್ರೂ ಹೇಳೋದು ಇದನ್ನೇ. ಮುಟ್ಟಿಲ್ಲ, ಮುಟ್ಟಿಲ್ಲ. ಹಾಗಾದ್ರೆ ಬಾಗಿಲು ಗಾಳಿಗೆ ತೆಗೀತಾ?"

ಇವರನ್ನು ಸುತ್ತಲಿನ ಗ್ಯಾರೇಜುಗಳಲ್ಲಿ ಮೀಟರಕ್ಕ ಎಂದು ಕರೆಯುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದೂ ಹೇಳುತ್ತಾರೆ, ಆದರೆ ಅವರ ಕಿವಿಗೆ ಬೀಳದ ಹಾಗೆ. ಇವತ್ತು ಆ ಕೋಪಕ್ಕೆ ಇನ್ನೊಂದು ಕಾರಣವೂ ಇದೆ. ಐದೂವರೆಗೆ ತಪ್ಪದೆ ಬರಬೇಕಾದ ಒಂದು ಫೋನು ಬಂದಿಲ್ಲ. ಅದರ ಕಥೆ ಆಮೇಲೆ.

ಮೀಟರಕ್ಕ ಹುಡುಕುವುದು ಕಳ್ಳ ಸೋರಿಕೆಯನ್ನು. ಸಂಜೆ ಚೆನ್ನಾಗಿಯೇ ಓಡಿ ಬಂದ ಕಾರು ಬೆಳಗ್ಗೆ ಕಲ್ಲಿನ ಹಾಗೆ ಕೂತಿರುತ್ತದೆ. ಕೀಲಿ ತಿರುಗಿಸಿದರೆ ಟಕ್ ಎನ್ನುತ್ತದೆ, ಅಷ್ಟೆ. ನಿಂತಲ್ಲೇ ನಿಂತ ಗಾಡಿಯ ಬ್ಯಾಟರಿಯನ್ನು ಒಳಗಿನ ಯಾವುದೋ ಒಂದು ಸದ್ದಿಲ್ಲದೆ ಕುಡಿದುಬಿಟ್ಟಿರುತ್ತದೆ. ಡಿಕ್ಕಿಯಲ್ಲಿ ಆರದೆ ಉಳಿದ ದೀಪ, ಯಾರೋ ಅಗ್ಗಕ್ಕೆ ಹಾಕಿಕೊಟ್ಟ ಹಾಡಿನ ಪೆಟ್ಟಿಗೆ, ಅಂಟಿಕೊಂಡು ಆರದೆ ಉಳಿದ ರಿಲೇ ಸ್ವಿಚ್ಚು, ಏನು ಬೇಕಾದರೂ ಆಗಿರಬಹುದು. ಜನ ಮಾಡುವುದು ಏನೆಂದರೆ ಹೊಸ ಬ್ಯಾಟರಿ ಹಾಕಿಸುವುದು. ಅದೂ ಸತ್ತರೆ ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಮೀಟರಕ್ಕ ದಿನಕ್ಕೆ ಎರಡು ಸಲವಾದರೂ ಹೇಳುತ್ತಾರೆ.

ಸೋರಿಕೆ ಹಿಡಿಯಬೇಕಾದರೆ ಮೊದಲು ಗಾಡಿ ಮಲಗಬೇಕು. ಈಗಿನ ಕಾರುಗಳೊಳಗೆ ಪುಟ್ಟ ಪುಟ್ಟ ಕಂಪ್ಯೂಟರುಗಳಿವೆ. ಬಾಗಿಲು ಹಾಕಿ ಬೀಗ ಜಡಿದ ಮೇಲೂ ಅವು ಸುಮಾರು ಅರ್ಧ ಗಂಟೆ ಎಚ್ಚರವಾಗಿರುತ್ತವೆ, ಆಮೇಲೆ ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಎಲ್ಲವೂ ಮಲಗಿದ ಮೇಲೂ ಯಾವುದು ಕುಡಿಯುತ್ತಿದೆಯೋ ಅದೇ ಕಳ್ಳ. ಅದಕ್ಕೇ ಮೀಟರಕ್ಕ, ಕೀಲಿಯ ಸಂಕೇತ ತಾಗಿ ಗಾಡಿ ಏಳದಿರಲೆಂದು, ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಶೆಡ್ಡಿನ ಇನ್ನೊಂದು ಕೊನೆಯಲ್ಲಿಡುತ್ತಾರೆ. ನಲವತ್ತು ನಿಮಿಷ ಕಾಯುತ್ತಾರೆ. ಆಮೇಲೆ ಅರವತ್ತು ಚಿಲ್ಲರೆ ಫ್ಯೂಸುಗಳನ್ನು, ಒಂದನ್ನೂ ಕೀಳದೆ, ಮೀಟರಿನ ಸೂಜಿಮೊನೆ ತಾಗಿಸಿ ತಾಗಿಸಿ ನೋಡುತ್ತಾರೆ. ಕಿತ್ತರೆ ಗಾಡಿಗೆ ಎಚ್ಚರವಾಗುತ್ತದೆ, ಮತ್ತೆ ಮೊದಲಿನಿಂದ ಶುರು.

ಸ್ಟೂಲಿನ ಪಕ್ಕದಲ್ಲಿ ದಪ್ಪ ಅಕ್ಷರದ ಬೋರ್ಡಿದೆ: ಗಾಡಿ ಮಲಗಿದೆ, ಮುಟ್ಟಬೇಡಿ. "ಅದನ್ನ ಓದಿ, ನಿಜವಾಗ್ಲೂ ಮಲಗಿದೆಯಾ ಅಂತ ಬಾಗಿಲು ತೆಗೆದು ನೋಡ್ತಾರೆ. ಇಂಥವರಿಗೆ ನಾನೇನು ಹೇಳಲಿ?" ಎನ್ನುತ್ತಾರೆ ಮೀಟರಕ್ಕ. ಎದುರಿನ ಗೋಡೆಯ ತುಂಬ ಸೀಮೆಸುಣ್ಣದ ಗೀಟುಗಳು. ಶೆಡ್ಡಿನ ಫೋನು ಮತ್ತು ಗಿರಾಕಿಗಳನ್ನು ನೋಡಿಕೊಳ್ಳುವ ಅವರ ತಂಗಿ, ಯಾರಾದರೂ ಗಾಡಿ ಎಬ್ಬಿಸಿದಾಗೆಲ್ಲ ಒಂದು ಗೀಟು ಎಳೆಯುತ್ತಾರೆ. ದಿನಕ್ಕೆ ಎರಡೇ ಗಾಡಿ, ಒಂದೊಂದು ಗಾಡಿಗೆ ಕಮ್ಮಿಯೆಂದರೆ ಮೂರು ಗೀಟು.

ಮೀಟರಕ್ಕ ಹುಟ್ಟಾ ಮೆಕ್ಯಾನಿಕ್ ಅಲ್ಲ. ಫ್ಯಾನಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕಾರ್ಖಾನೆಯಲ್ಲಿ ಹತ್ತು ವರ್ಷ ದುಡಿದರು. ಅದು ಬಾಗಿಲು ಹಾಕಿದಾಗ, ಬ್ಯಾಟರಿ ಚಾರ್ಜು ಮಾಡುವ ಅಂಗಡಿ ಇಟ್ಟಿದ್ದ ಸೋದರಮಾವ ಕರೆದು ಕೂರಿಸಿಕೊಂಡರು. ಈಗ ಇಪ್ಪತ್ತೆರಡು ವರ್ಷವಾಯಿತು. ಆಸಿಡ್ ಹಾರಿ ತೂತಾಗದ ಬಟ್ಟೆ ಒಂದೂ ಇಲ್ಲ. ಬಲ ಮಂಡಿ ಬಗ್ಗುವುದಿಲ್ಲ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಬೇಕಾದರೆ ಕಾಲು ಹೊರಗೆ ಚಾಚಿ ಮಲಗಬೇಕು. ಇವತ್ತಿಗೂ ವಾರಕ್ಕೊಬ್ಬ ಬಂದು, ಗಂಡಸರು ಯಾರೂ ಇಲ್ಲವೇ ಎಂದು ಕೇಳುತ್ತಾನೆ.

"ಇದ್ದಾರಲ್ಲ, ಅವರೇ ನಿಮಗೆ ಮೂರು ಬ್ಯಾಟರಿ ಹಾಕಿ ಕಳಿಸಿದ್ದು ಅಂತೀನಿ," ಎನ್ನುತ್ತಾರೆ ಮೀಟರಕ್ಕ.

ಇಂಥ ಮೀಟರಕ್ಕನನ್ನೂ ಎರಡು ತಿಂಗಳು ಗೋಳು ಹೊಯ್ದುಕೊಂಡ ಗಾಡಿಯೊಂದಿದೆ. ಅದು ರೈಲ್ವೆಯಲ್ಲಿ ಮೂವತ್ತೈದು ವರ್ಷ ಸಿಗ್ನಲ್ ನೋಡಿಕೊಂಡಿದ್ದು ನಿವೃತ್ತರಾದ ಹಿರಿಯರೊಬ್ಬರದ್ದು. ಅವರ ಹೆಂಡತಿಯ ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ ಬೆಳಗ್ಗೆ ಆರೂವರೆಗೆ ಆಸ್ಪತ್ರೆಯ ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿರಬೇಕು. ಆ ಹೊತ್ತಿಗೆ ಬೇರೆ ಗಾಡಿ ಸಿಗುವ ಬೀದಿಯಲ್ಲ ಅದು. ವರ್ಷದ ಹಿಂದೆ ಒಂದು ಬೆಳಗ್ಗೆ ಕಾರು ಎದ್ದೇಳಲಿಲ್ಲ, ಕುರ್ಚಿ ತಪ್ಪಿತು, ಸಂಜೆಯ ಹೊತ್ತಿಗೆ ಆಕೆಗೆ ಉಸಿರಾಡುವುದೇ ಕಷ್ಟವಾಯಿತು. ಹೊಸ ಬ್ಯಾಟರಿ ಹಾಕಿಸಿದರು. ಅದೂ ಸತ್ತಿತು. ಇನ್ನೊಂದು ಹಾಕಿಸಿದರು, ಅದೂ ಅದೇ ದಾರಿ ಹಿಡಿಯಿತು. ಮತ್ತೊಮ್ಮೆ ತಪ್ಪಿದರೆ ಆ ಹೊತ್ತನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಆಸ್ಪತ್ರೆಯವರು ಹೇಳಿಯೂಬಿಟ್ಟರು.

ಆಗ ಕಾರು ಈ ಶೆಡ್ಡಿಗೆ ಬಂತು. ಮೀಟರಕ್ಕ ಮಲಗಿಸಿದರು, ಕಾದರು, ನೋಡಿದರು. ಸೋರಿಕೆಯೇ ಇಲ್ಲ. ಹಸುಗೂಸಿನ ಹಾಗೆ ಮಲಗಿದೆ ಗಾಡಿ. ಒಂದು ರಾತ್ರಿ ಇಟ್ಟುಕೊಂಡರು, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಳಿಸಿಕೊಟ್ಟರು. ಮೂರನೇ ದಿನಕ್ಕೆ ಕಾರು ಇನ್ನೊಂದು ಗಾಡಿಯ ಬಾಲಕ್ಕೆ ಕಟ್ಟಿಸಿಕೊಂಡು ವಾಪಸ್ಸು ಬಂತು. ಕಳ್ಳತನ ತಡೆಯುವ ಸೈರನ್ನಿನ ಮೇಲೆ ಅನುಮಾನಪಟ್ಟು ಅದನ್ನು ಕಿತ್ತುಹಾಕಿದರು. ಮತ್ತೆ ಇಲ್ಲಿ ಚೆನ್ನಾಗಿ ಮಲಗಿತು, ಮತ್ತೆ ಅಲ್ಲಿ ಹೋಗಿ ಸತ್ತಿತು.

"ತಲೆ ಚಿಟ್ಟು ಹಿಡಿದುಹೋಯ್ತು. ಮನೇಲಿ ಯಾರಾದ್ರೂ ಗಾಡಿ ಮುಟ್ತೀರಾ ಅಂತ ಕೇಳ್ದೆ. ಇಲ್ಲಮ್ಮ, ಒಬ್ರೂ ಹತ್ತಿರ ಹೋಗಲ್ಲ ಅಂದ್ರು. ಆ ಮುಖ ನೋಡಿದ್ರೆ ಸುಳ್ಳು ಹೇಳೋ ಮುಖವೂ ಅಲ್ಲ. ನನಗೇ ನನ್ನ ಕೆಲಸದ ಮೇಲೆ ಅನುಮಾನ ಬಂತು," ಎಂದು ನೆನೆಸಿಕೊಳ್ಳುತ್ತಾರೆ ಮೀಟರಕ್ಕ.

ಕೊನೆಗೆ ಒಂದು ಸಂಜೆ ಅವರೇ ಹಿರಿಯರ ಮನೆಗೆ ಹೋಗಿ, ಗಂಟೆಗಂಟೆಯ ಲೆಕ್ಕ ಬರೆದಿಟ್ಟುಕೊಳ್ಳುವ ಮೀಟರನ್ನು ಬ್ಯಾಟರಿಗೆ ಸಿಕ್ಕಿಸಿ ಬಂದರು. ಬೆಳಗಾಗುವವರೆಗೆ ಯಾರೂ ಹತ್ತಿರ ಸುಳಿಯಬಾರದು ಎಂದು ಹತ್ತು ಸಲ ಹೇಳಿದರು. ಬೆಳಗ್ಗೆ ಐದಕ್ಕೆ ಹೋಗಿ ನೋಡಿದರೆ ಗಾಡಿ ಒಂದು ರಾತ್ರಿಯಲ್ಲಿ ಹನ್ನೊಂದು ಸಲ ಎದ್ದಿತ್ತು! ಒಂದೊಂದು ಸಲವೂ ಅರ್ಧ ಗಂಟೆ ಎಚ್ಚರ. ಮೀಟರಕ್ಕ ಟಾರ್ಚ್ ಹಿಡಿದು ಬಗ್ಗಿ ಅಂಕಿ ಓದುತ್ತಿರುವಾಗಲೇ ಗಾಡಿಯ ನಾಲ್ಕೂ ದೀಪ ಮಿನುಗಿದವು, ಒಳಗೆ ಟಕ್ ಎಂದಿತು, ಅಂಕಿ ಆರಕ್ಕೆ ಹಾರಿತು. ಸುತ್ತ ನರಪಿಳ್ಳೆಯಿಲ್ಲ. ತಲೆ ಎತ್ತಿದರೆ ಮೇಲಿನ ಮಹಡಿಯ ಕಿಟಕಿಯ ಸರಳಿನ ನಡುವೆ ಒಂದು ಕೈ, ಕೈಯಲ್ಲಿ ಕಾರಿನ ಕೀಲಿ.

"ಏನ್ ಯಜಮಾನ್ರೇ ಅದು?" ಎಂದು ಮೀಟರಕ್ಕ ಕೂಗಿದರು.

"ಏನಿಲ್ಲಮ್ಮ. ದೀಪ ಬರುತ್ತಾ ಅಂತ ನೋಡ್ದೆ ಅಷ್ಟೆ. ಜೀವ ಇದೆ."

"ಯಾರೂ ಮುಟ್ಟಲ್ಲ ಅಂದ್ರಲ್ಲಾ!"

"ಮುಟ್ಟಿಲ್ಲಮ್ಮ, ದೂರದಿಂದಲೇ ಒತ್ತಿದ್ದು."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಎರಡು ತಿಂಗಳ ಪಾಡು. ಮೊದಲ ಸಲ ಬ್ಯಾಟರಿ ಸತ್ತದ್ದು ಬರೀ ವಯಸ್ಸಾಗಿ. ಆ ಬೆಳಗಿನ ಹೆದರಿಕೆ ಹಿರಿಯರೊಳಗೆ ಕೂತುಬಿಟ್ಟಿತು. ಸಿಗ್ನಲ್ ಬಿತ್ತೋ ಇಲ್ಲವೋ ಎಂದು ಮೂವತ್ತೈದು ವರ್ಷ ಎದ್ದೆದ್ದು ನೋಡಿದ ಜೀವ ಅದು, ಕಾರಿಗೆ ಜೀವವಿದೆಯೋ ಇಲ್ಲವೋ ಎಂದು ನೋಡದೆ ಹೇಗೆ ಮಲಗೀತು? ನೋಡಿದಷ್ಟೂ ಬ್ಯಾಟರಿ ಸೋರಿತು, ಸೋರಿದಷ್ಟೂ ಹೆದರಿಕೆ ಹೆಚ್ಚಿತು, ಹೆದರಿದಷ್ಟೂ ಒತ್ತಿದರು. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿಗಳಲ್ಲಂತೂ ಇನ್ನೂ ಜಾಸ್ತಿ.

ಮೀಟರಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಬೈಯಬೇಕೆಂದೇ ಮೆಟ್ಟಿಲು ಹತ್ತಿದರು. ಮೇಲೆ ಹಿರಿಯರ ಹೆಂಡತಿ ಆಸ್ಪತ್ರೆಗೆ ಹೊರಡಲು ಸಿದ್ಧವಾಗಿ, ಫೈಲು ಹಿಡಿದು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ವಿಷಯ ಕೇಳಿ ಆಕೆಗೆ ಆಶ್ಚರ್ಯವೇ ಆಗಲಿಲ್ಲ.

"ಗಾಡಿ ಒಂದೇ ಅಲ್ಲಮ್ಮ, ನನ್ನನ್ನೂ ಹೀಗೇ ಎಬ್ಬಿಸ್ತಾರೆ, ನಿದ್ದೆ ಬಂತಾ ಅಂತ ಕೇಳೋಕೆ," ಎಂದರು ಆಕೆ.

ಬೈಗುಳ ಅಲ್ಲಿಗೇ ನಿಂತಿತು. ಅವತ್ತು ಕಾರು ತಾನಾಗಿ ಎದ್ದೇಳಲಿಲ್ಲ. ಮೀಟರಕ್ಕ ತಮ್ಮ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿಸಿದರು, ಆರೂ ಇಪ್ಪತ್ತೆಂಟಕ್ಕೆ ಆಕೆ ಕುರ್ಚಿ ಸೇರಿದರು. ಮಧ್ಯಾಹ್ನ ಮೀಟರಕ್ಕ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆಯೆಂದು ತೋರಿಸುವ, ಹೆಬ್ಬೆರಳಿನಷ್ಟು ದೊಡ್ಡ ಒಂದು ಅಂಕಿಯ ಪೆಟ್ಟಿಗೆ ತಂದರು. ಬ್ಯಾಟರಿಯಿಂದ ತೆಳ್ಳನೆಯ ತಂತಿ ಎಳೆದು, ಗೋಡೆಯ ಮೇಲೆ ಹತ್ತಿಸಿ, ಕಿಟಕಿಯೊಳಗೆ ತೂರಿಸಿ, ಹಿರಿಯರ ತಲೆದಿಂಬಿನ ಪಕ್ಕ ಕೂರಿಸಿದರು. ಕಾರು ಹೊರಡುವಾಗ ಬಂಪರಿನ ಹತ್ತಿರ ಆ ತಂತಿಯ ಪ್ಲಗ್ಗು ಕಿತ್ತರೆ ಆಯಿತು. ಆ ಪೆಟ್ಟಿಗೆಯೂ ಒಂಚೂರು ಕುಡಿಯುತ್ತದೆ, ಆದರೆ ಗುಬ್ಬಿ ಕುಡಿದಷ್ಟು. ಕೀಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಹೆಂಡತಿಯ ಕೈಗೆ ಕೊಟ್ಟರು.

"ಹನ್ನೆರಡೂವರೆ ವೋಲ್ಟ್ ಅಂತ ಇದ್ರೆ ಗಾಡಿ ಕ್ಷೇಮ. ಮಲಗಿದಲ್ಲಿಂದಲೇ ನೋಡಿ ಯಜಮಾನ್ರೇ. ಎಷ್ಟು ಸಲ ಬೇಕಾದ್ರೂ ನೋಡಿ. ಒತ್ತಬೇಡಿ."

"ಅದು ಸರಿಯಾದ ನಂಬರ್ರೋ ಅಲ್ವೋ ನನಗೆ ಹೇಗಮ್ಮ ಗೊತ್ತಾಗ್ಬೇಕು?"

"ಬೆಳಗ್ಗೆ ನನಗೆ ಹೇಳಿ," ಎಂದು ಬಾಯಿತಪ್ಪಿ ಅಂದುಬಿಟ್ಟರು ಮೀಟರಕ್ಕ.

ಅವತ್ತಿನಿಂದ ದಿನಾ ಐದೂವರೆಗೆ ಫೋನು. ಹನ್ನೆರಡು ಪಾಯಿಂಟ್ ಐದು. ಹನ್ನೆರಡು ಪಾಯಿಂಟ್ ಆರು. ಹನ್ನೆರಡು ಪಾಯಿಂಟ್ ನಾಲ್ಕು ಬಂದ ದಿನ ಅರ್ಧ ಗಂಟೆ ಸಮಾಧಾನ ಹೇಳಬೇಕು. ಭಾನುವಾರವೂ ಬಿಡುವಿಲ್ಲ. "ಯಾಕಾದ್ರೂ ಅಂದೆನೋ! ಗಾಡಿಯಿಂದ ತಪ್ಪಿಸಿದ್ದಕ್ಕೆ ನನ್ನನ್ನು ಒತ್ತೋಕೆ ಶುರು ಮಾಡಿದಾರೆ," ಎಂದು ತಿಂಗಳಿಂದ ಗೊಣಗುತ್ತಲೇ ಇದ್ದಾರೆ.

ಆ ಫೋನು ಇವತ್ತು ಬಂದಿಲ್ಲ. ಇವತ್ತು ಆಸ್ಪತ್ರೆಯ ದಿನ.

ಆರೂಕಾಲು ಆಯಿತು. ಆರೂವರೆಯೂ ಆಯಿತು. ಬೂದು ಕಾರು ಎರಡನೇ ಸಲ ಮಲಗಿದೆ. ಮೀಟರಕ್ಕ ಅದರ ಕಡೆ ನೋಡುತ್ತಲೂ ಇಲ್ಲ. ಎರಡು ಸಲ ಕರೆ ಮಾಡಿದರು, ಯಾರೂ ಎತ್ತಲಿಲ್ಲ. ಫೋನಿನ ಗುಂಡಿ ಒತ್ತುತ್ತಾರೆ, ಪರದೆ ಬೆಳಗುತ್ತದೆ, ಏನೂ ಇಲ್ಲ. ಮತ್ತೆ ಒತ್ತುತ್ತಾರೆ.

"ಅಕ್ಕಾ, ಎಷ್ಟು ಸಲ ಒತ್ತೀಯೇ? ಅದರ ಬ್ಯಾಟರಿ ಹೋಗುತ್ತೆ," ಎನ್ನುತ್ತಾರೆ ತಂಗಿ.

"ಸುಮ್ನಿರೇ!"

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಮೀಟರಕ್ಕನ ಬಾಯಲ್ಲಿ ಸಿದ್ಧ ಉತ್ತರವಿದೆ. "ಒಂದು ಗಾಡಿ. ನಲವತ್ತು ನಿಮಿಷ. ಯಾರೂ ಕೈ ಹಾಕಬಾರದು. ಒಂದ್ಸಲ ಹಾಗಾದ್ರೆ ಸಾಕು." ಇವತ್ತು ಅದು ನೆರವೇರುವ ಹೊತ್ತಿನಲ್ಲಿ ಅವರಿಗೆ ಅದರ ಪರಿವೆಯೇ ಇಲ್ಲ.

ಏಳೂ ಹತ್ತಕ್ಕೆ ಫೋನು ಬರುತ್ತದೆ. ಮೀಟರಕ್ಕ ಒಂದೇ ಉಸಿರಿಗೆ ಎದ್ದು ನಿಲ್ಲುತ್ತಾರೆ, ಬಗ್ಗದ ಮಂಡಿಯೂ ನೆನಪಿಲ್ಲ.

"ಎಲ್ಲಿದ್ದೀರಿ ಯಜಮಾನ್ರೇ? ಗಾಡಿ ಏನಾಯ್ತು?"

"ಗಾಡಿಗೇನಮ್ಮ? ಚೆನ್ನಾಗಿದೆ. ಆಸ್ಪತ್ರೆಲಿದೀವಿ, ಇವಳನ್ನ ಆಗ್ಲೇ ಕುರ್ಚಿಗೆ ಹಾಕಿದ್ರು. ನನಗೆ ನಿದ್ದೆ ಬಂದ್ಬಿಟ್ಟಿತ್ತು ನೋಡಿ! ಆರು ಗಂಟೆಗೆ ಇವಳೇ ಅಲುಗಾಡಿಸಿ ಎಬ್ಬಿಸಿದ್ಲು. ಓಡಿ ಬಂದ್ವಿ, ಫೋನು ಗಾಡಿಯಲ್ಲೇ ಮರೆತಿದ್ದೆ."

"ನಂಬರ್ ಎಷ್ಟಿತ್ತು?"

ಫೋನು ಇಟ್ಟ ಮೇಲೆ ಮೀಟರಕ್ಕ ನಿಧಾನವಾಗಿ ಸ್ಟೂಲಿನ ಮೇಲೆ ಕೂರುತ್ತಾರೆ. ಕಣ್ಣಲ್ಲಿ ನೀರಿದೆ, ಬಾಯಲ್ಲಿ ಬೈಗುಳ.

"ಎರಡು ತಿಂಗಳು ನನ್ನ ಜೀವ ತಿಂದು, ಈಗ ಗಾಡಿಗೇನಮ್ಮ ಅಂತೆ!"

"ನಂಬರ್ ಎಷ್ಟಂತೆ ಅಕ್ಕಾ?" ಎಂದು ತಂಗಿ ಕೇಳುತ್ತಾರೆ.

"ನೋಡ್ಲೇ ಇಲ್ವಂತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ರಿಪೇರಿಗಳಲ್ಲಿ ಇದೇ ಪಕ್ಕಾ ಕಣೇ."