ಉರಿಯ ಕಡೆ ತಿರುಗಿದ ಮುಖ

ಚಿಕ್ಕವ್ವನ ಸಮಾಧಿಗೆ ಕಲ್ಲು ನಿಲ್ಲಿಸಿದ ದಿನ ದೊಡ್ಡಪ್ಪ ಮೊದಲು ಕೇಳಿದ್ದು, "ಇನ್ನರ್ಧ ಮೊಕ ಎಲ್ಲೋಯ್ತವ್ವ?"

ಎಲ್ಲೂ ಹೋಗಿರಲಿಲ್ಲ. ನೆರಳಿನಲ್ಲಿತ್ತು.

ನಮ್ಮ ಕಟ್ಟೆಮಳಲವಾಡಿ ಕಡೆ ಹೊಲದ ಸಮಾಧಿಗಳಿಗೆ ನುಣುಪಾದ ಕರಿಕಲ್ಲಿನಲ್ಲಿ ಮುಖ ಕೆತ್ತಿಸುತ್ತಾರೆ. ಹೆಂಗಸರೆಲ್ಲ ಒಂದೇ ಥರ: ನೇರ ನೋಟ, ರೇಷ್ಮೆ ಸೀರೆ, ಬದುಕಿದ್ದಾಗ ಇರದಿದ್ದ ಸರ. ಚಿಕ್ಕವ್ವ ಸತ್ತ ಮೇಲೆ ಹುಣಸೂರಿನ ಸ್ಟುಡಿಯೋದಲ್ಲಿ ಅವಳಿಗೂ ಅಂಥದೊಂದು ಫೋಟೊ ಮಾಡಿಸಿದ್ದರು. ಕಲ್ಲು ಕೆತ್ತುವವನಿಗೆ ನಾನು ಅದನ್ನು ಕೊಡಲಿಲ್ಲ. ಹಿಂದಿನ ವರ್ಷ ನನ್ನ ಮೊಬೈಲಿನಲ್ಲಿ ತೆಗೆದದ್ದನ್ನು ಕೊಟ್ಟೆ. ಹೊಗೆಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನ ಒಲೆಯ ಮುಂದೆ ಬಗ್ಗಿ, ಹಣೆಗೆ ಕೈ ಅಡ್ಡ ಹಿಡಿದು ಉರಿ ನೋಡುತ್ತಿರುವ ಚಿಕ್ಕವ್ವ.

ಕೆಲಸ ನಡೆಯುವಾಗ ಹೋಗಿ ನೋಡುತ್ತಿದ್ದೆ. ಕರಿಕಲ್ಲಿನಲ್ಲಿ ಕಪ್ಪನ್ನು ಕೆತ್ತುವ ಹಾಗಿಲ್ಲ, ಬೆಳಕನ್ನೇ ಕೆತ್ತಬೇಕು. ಚೂಪು ಉಳಿ ತಾಗಿದಲ್ಲೆಲ್ಲ ಬೂದಿಬಣ್ಣದ ಚುಕ್ಕೆ ಏಳುತ್ತದೆ. ಕೆನ್ನೆಯ ಎಲುಬಿನ ಮೇಲೆ, ಬೆರಳಂಚಿನಲ್ಲಿ ಚುಕ್ಕೆಗಳು ಒತ್ತೊತ್ತಾಗಿವೆ. ಕಿವಿಯ ಕಡೆ ಹೋಗುತ್ತ ವಿರಳವಾಗಿ, ಆಮೇಲೆ ಬರೀ ಕಲ್ಲು. ಮುಖ ಎಡ ಅಂಚಿಗಿದೆ, ಬಲಭಾಗ ಪೂರ್ತಿ ಖಾಲಿ. ಅಲ್ಲಿ ಒಲೆಯಿಲ್ಲ, ಜ್ವಾಲೆಯೂ ಇಲ್ಲ. ಆದರೂ ಉರಿ ಎಲ್ಲಿದೆಯೆಂದು ಆ ಕೆನ್ನೆ ನೋಡಿದರೆ ಗೊತ್ತಾಗುತ್ತದೆ.

ದೊಡ್ಡಪ್ಪನಿಗೂ ಗೊತ್ತಾಯಿತು. "ಅವ್ಳನ್ನ ತಿಂದ ಬೆಂಕೀನೇ ತಂದು ಕೂರ್ಸಿದ್ದೀಯಲ್ಲ, ಓದಿರೋ ಮುಂಡೇದೆ! ಪೂಜೆಗ್ ಬಂದೋರ್ನ ಬುಟ್ಟು ಎತ್ಲಾಗೋ ನೋಡ್ತಾವ್ಳೆ. ವರ್ಸದ ತಿಥಿಯೊಳಗೆ ಬೇರೆ ಕಲ್ಲು ತರ್ಸು."

"ತರ್ಸಕ್ಕಿಲ್ಲ ಬುಡಿ ದೊಡ್ಡಪ್ಪ. ಚಿಕ್ಕವ್ವ ಯಾವತ್ತು ಬಂದೋರ್ ಮೊಕ ನೋಡ್ಕಂಡು ಕೂತಿದ್ಲು?"

ಹಿಂದೆ ಯಾರೋ ಕಿಸಕ್ಕೆಂದರು.

ಇವರು ಯಾರೂ ಆ ಬೆಂಕಿ ನೋಡಿರಲಿಲ್ಲ. ನಾನು ನೋಡಿದ್ದೆ. ಆ ಮಧ್ಯಾಹ್ನ ಬ್ಯಾರನ್ನಿನೊಳಗೆ, ಒಣಗಿದ ಸೊಪ್ಪು ಕಟ್ಟಿ ಮೇಲೆ ತೂಗುಹಾಕಿದ್ದ ಕಡ್ಡಿಯೊಂದು ಜಾರಿ, ಒಲೆಯ ಬಿಸಿ ಹಾಯುವ ಕಾದ ಕೊಳವೆಯ ಮೇಲೆ ಬಿತ್ತು. ಎಳೆದು ಹಾಕಲು ಇಬ್ಬರೂ ನುಗ್ಗಿದೆವು. ಮೇಲಿನ ಸೊಪ್ಪು ಹತ್ತಿಕೊಂಡಾಗ ನನ್ನ ಕಾಲು ಏಳಲಿಲ್ಲ. "ಓಗ್ ಮಗ, ಈಚ್ಗೋಗು" ಎಂದು ಬೆನ್ನಿಗೆ ಕೈಕೊಟ್ಟು ನೂಕಿದಳು. ಬಾಗಿಲಾಚೆ ಬಿದ್ದು ತಿರುಗಿದೆ. ಅವಳು ಉರಿಯ ಕಡೆ ನೋಡುತ್ತಿದ್ದಳು. ಆಮೇಲೆ ಸೂರು ಕುಸಿಯಿತು. ಇವತ್ತಿಗೂ ಯಾರಾದರೂ ಒಣ ಎಲೆ ತುಳಿದರೆ ನನ್ನ ಬೆನ್ನು ಆ ಕೈಗಾಗಿ ಕಾಯುತ್ತದೆ. ಅವಳು ಹೆದರಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖ ತಿರುಗಿಸಲಿಲ್ಲ, ಅದು ಗೊತ್ತು.

ದೊಡ್ಡಪ್ಪ ದಪ್ಪನೆಯ ಸೇವಂತಿಗೆ ಹಾರ ತಂದು, ಕೆನ್ನೆ ಕೈ ಎರಡೂ ಮುಚ್ಚುವಂತೆ ಹಾಕಿದರು. ಕಂಡದ್ದು ಬರೀ ಕರಿಕಲ್ಲು. ನಾನು ತೆಗೆದು ಬುಡದಲ್ಲಿಟ್ಟೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ತೆಗೆದೆ.

"ಅವ್ಳದೇ ಮೊಂಡ್ ಅಟ ಕಣೆ ನಿಂದೂವೆ," ಎಂದರು.

"ಊಂ, ಅವ್ಳದೇ," ಎಂದು ಹಾರದ ಪಕ್ಕದಲ್ಲೇ ಕೂತೆ, ಎಲ್ಲರೂ ಮನೆಗೆ ಹೋಗುವತನಕ.