ವರ್ಬ್‌ಗೂ ಒಗ್ಗರಣೆಗೂ ಏನು ನಂಟು?

‘ಮೈ ನೇಮ್ ಸುಜಾತಾ. ಮೈ ಹೌಸ್ ಕಳವಾ. ಐ ರೈಸ್ ಮೇಕ್.’

ಇಷ್ಟು ಹೇಳಿದ್ದಕ್ಕೆ, ಠಾಣೆ ಹತ್ತಿರದ ಕಳವಾದಲ್ಲಿ ನಮ್ಮ ಪಕ್ಕದ ಮನೆಯ ಸುಜಾತಾಳಿಗೆ ಕಳೆದ ವರ್ಷ ಪ್ರಮೋಷನ್ ತಪ್ಪಿತು. ನವಿ ಮುಂಬಯಿಯ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಆಕೆ ಒಂಬತ್ತು ವರ್ಷಗಳಿಂದ ಅಡುಗೆ ಮಾಡುತ್ತಾಳೆ. ಸೂಪರ್‌ವೈಸರ್ ಆಗಲು ಇಂಗ್ಲಿಷ್ ಬೇಕಂತೆ. ಇಂಗ್ಲಿಷ್ ಬರುವವನೊಬ್ಬ ಬಂದ. ಇಡ್ಲಿಗೆ ಉದ್ದು ಎಷ್ಟು ಹೊತ್ತು ನೆನೆಯಬೇಕೆಂದು ಅವನಿಗೆ ಹೇಳಿಕೊಟ್ಟವಳು ಇವಳೇ! (ನನಗೆ ಮೈಯೆಲ್ಲ ಉರಿದದ್ದು ಅದಕ್ಕೆ.)

ಈಗ ಅವನು ಕೆಲಸ ಬಿಟ್ಟಿದ್ದಾನೆ. ಮತ್ತೆ ಇಂಟರ್‌ವ್ಯೂ.

“ಈ ಸಲವೂ ಆಗದಿದ್ರೆ ಇನ್ನು ನಾನು ಕೇಳ್ಲಿಕ್ಕೇ ಹೋಗುದಿಲ್ಲ ಅಕ್ಕ” ಎನ್ನುತ್ತಾ ನನ್ನೆದುರು ಕುಳಿತಳು.

ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಗತ್ತಿನಿಂದಲೇ ಶುರು ಮಾಡಿದೆ. “ನೇಮ್ ಆದ ಮೇಲೆ ‘ಈಸ್’ ಹಾಕು.”

“ಯಾಕೆ?”

“ಅದು ವರ್ಬ್. ಕ್ರಿಯಾಪದ.”

“ನನ್ನ ಹೆಸರು ಎಂತ ಕ್ರಿಯೆ ಮಾಡ್ತದೆ ಅಕ್ಕ? ಸುಮ್ಮನೆ ಇರ್ತದಲ್ಲ? ‘ನನ್ನ ಹೆಸರು ಸುಜಾತಾ’ ಅಂದ್ರೆ ಯಾರಿಗಾದ್ರೂ ಅರ್ಥ ಆಗುದಿಲ್ವಾ?”

ಹೌದಲ್ಲ! ಕನ್ನಡದಲ್ಲಿ ಅಲ್ಲಿ ಕ್ರಿಯಾಪದವೇ ಇಲ್ಲ. ನಮ್ಮೂರ ತುಳುವಿನಲ್ಲೂ ಇಲ್ಲ. ಇಷ್ಟು ವರ್ಷ ಮಕ್ಕಳ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದೆನೇ ಹೊರತು, ಇದು ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು.

“ಅದನ್ನೇ ಮರಾಠಿಯಲ್ಲಿ ಹೇಳು” ಎಂದೆ.

“ಮಾಝ ನಾವ್ ಸುಜಾತಾ ಆಹೇ.”

“ಆ ‘ಆಹೇ’ ಬಂತಲ್ಲ, ಅದೇ ‘ಈಸ್’!”

“ಅಯ್ಯೋ, ಇಷ್ಟೇಯಾ!” ಎಂದಳು. ಇಪ್ಪತ್ತು ವರ್ಷ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಕಲಿತ ಮರಾಠಿ ಇಂಗ್ಲಿಷ್‌ಗೂ ಉಪಯೋಗಕ್ಕೆ ಬಂತು, ನೋಡಿ.

ಆದರೆ ‘ಐ ರೈಸ್ ಮೇಕ್’ ಹೋಗಲೊಲ್ಲದು. ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್ ಎಂದು ನಾನು ಮೂರು ದಿನ ಗಂಟಲು ಹರಿದುಕೊಂಡೆ. ನಾಲ್ಕನೆಯ ದಿನ ಅವಳೇ ಓಡಿ ಬಂದಳು.

“ಅಕ್ಕ, ಗೊತ್ತಾಯ್ತು! ವರ್ಬ್ ಅಂದ್ರೆ ಒಗ್ಗರಣೆ. ನಮ್ಮ ಕನ್ನಡ ಸಾರಿನ ಹಾಗೆ. ಎಲ್ಲ ಕುದಿದ ಮೇಲೆ ಕೊನೆಗೆ ಒಗ್ಗರಣೆ. ಇಂಗ್ಲಿಷ್ ಪಲ್ಯ. ಬಾಣಲೆ ಇಟ್ಟ ಕೂಡ್ಲೆ ಒಗ್ಗರಣೆ, ತರಕಾರಿ ಮತ್ತೆ! ಐ... ಮೇಕ್... ರೈಸ್!”

ಯಾವ ಗ್ರಾಮರ್ ಪುಸ್ತಕ ಇದನ್ನು ಹೀಗೆ ಹೇಳಿದೆ, ಹೇಳಿ? ನಾನು ಅವಳನ್ನು ಅಪ್ಪಿಕೊಂಡುಬಿಟ್ಟೆ.

ಇಂಟರ್‌ವ್ಯೂ ದಿನ ಮಧ್ಯಾಹ್ನ ಫೋನ್ ಬಂತು. ಹಿಂದೆ ಪಾತ್ರೆಗಳ ಸದ್ದು, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ.

“ಅಕ್ಕಾ, ಆಯ್ತು! ‘ಐ ಆಮ್ ಸುಜಾತಾ. ಐ ಕುಕ್ ಫಾರ್ ಟೂ ಹಂಡ್ರೆಡ್ ಪೀಪಲ್. ಐ ನೋ ದಿಸ್ ಕಿಚನ್’ ಅಂದೆ. ನಿಲ್ಲಿಸ್ಲೇ ಇಲ್ಲ ನಾನು!”

“ಸಾಹೇಬರು ಏನಂದ್ರು?”

“ಅವ್ರು ‘ಗುಡ್, ಗುಡ್. ಫ್ರಮ್ ಮಂಡೇ ಯೂ ಸೂಪರ್‌ವೈಸರ್, ಓಕೆ?’ ಅಂದ್ರು. ಅವ್ರದ್ರಲ್ಲಿ ವರ್ಬೇ ಇಲ್ಲ ಮಾರಾಯ್ರೆ! ಪಾಪ ಅಂತ ನಾನೇ ಹೇಳಿದೆ, ‘ಯೆಸ್ ಸರ್, ಐ ಆಮ್ ದ ಸೂಪರ್‌ವೈಸರ್!’”

ಈಗ ಹೇಳಿ, ಅಲ್ಲಿ ಇಂಟರ್‌ವ್ಯೂ ಆದದ್ದು ಯಾರದ್ದು?