ಲಿಫ್ಟಿನಲ್ಲಿ ಇನ್ನೊಬ್ಬರ ಭಾರ

ನನ್ನ ಗುಂಡಿ, ಜಿಪ್ಪು, ಲೇಸಿನ ಸಗಟು ಅಂಗಡಿ ಇರುವುದು ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಅಲ್ಲಿ ಮೊದಲು ಲಿಫ್ಟು ಓಡಿಸುತ್ತಿದ್ದವನಿಗೆ ನಾವು ಇಟ್ಟ ಹೆಸರು ದೊಡ್ಡ ಲಿಫ್ಟು. ಮೈಯೂ ಹಾಗೇ ಇತ್ತು. ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಅದೇ ಸ್ಟೂಲಿಗೆ ಅವನ ತಮ್ಮ ಬಂದು ಚಿಕ್ಕ ಲಿಫ್ಟು ಆದ. ಬಂದಾಗ ಹೆಸರಿಗೆ ತಕ್ಕ ಹಾಗೆ ಕಡ್ಡಿಗೆ ಬೆಲ್ಟು ಸುತ್ತಿದಂತಿದ್ದ.

ಆಮೇಲೆ ಊದತೊಡಗಿದ. ಮಹಡಿಗೊಂದು ಕಚೇರಿ, ಯಾರಿಗೆ ಬಡ್ತಿ ಬಂದರೂ, ಯಾರಿಗೆ ಮಗುವಾದರೂ ಸಿಹಿಯ ಡಬ್ಬಿ ಮೊದಲು ತೆರೆದುಕೊಳ್ಳುತ್ತಿದ್ದುದು ಲಿಫ್ಟಿನಲ್ಲಿ. ಸಂಜೆಗೆ ಕರಿದದ್ದು ಬೇರೆ. ದಿನವಿಡೀ ಹತ್ತಿ ಇಳಿಯುತ್ತಿದ್ದರೂ ಒಂದು ಹೆಜ್ಜೆ ಕಿತ್ತಿಡದ ಮನುಷ್ಯ ಅವನು.

"ಬಾಯಿಗೂ ಒಂದು ಬಾಗಿಲು ಹಾಕಿಸ್ಕೊಳಯ್ಯ" ಅಂದರೆ, "ನಮ್ಮ ವಂಶದ ಮೈಯೇ ಹೀಗೆ ಸಾಹುಕಾರ್ರೇ. ಗಾಳಿ ಕುಡಿದ್ರೂ ಊದ್ಕೋತೀವಿ" ಎನ್ನುತ್ತಿದ್ದ. ಗಾಳಿಗೆ ಅಷ್ಟು ಸಕ್ಕರೆ ಬೆರೆಸಿದರೆ ಯಾರು ತಾನೇ ಊದುವುದಿಲ್ಲ?

ಒಂದು ದಿನ ಅವನ ಹೆಂಡತಿ ಅಂಗಡಿಗೆ ಬಂದಳು. "ತೂಕ ಇಳೀದಿದ್ರೆ ಭಾವನ ದಾರಿನೇ ಅಂತ ಡಾಕ್ಟ್ರು ಅಂದ್ಬಿಟ್ರು. ನೀವಾದ್ರೂ ಹೇಳಿ ಅಣ್ಣಾ. ನಾನು ಹೇಳಿದ್ರೆ ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ."

ನಾನೂ ಹೇಳಿದೆ. ನನ್ನ ಮಾತಿಗೂ ಅದೇ ಎರಡು ಕಿವಿ.

ನಮ್ಮ ಲಿಫ್ಟಿಗೆ ಒಂದು ಪದ್ಧತಿ ಇತ್ತು. ಒಳಗೆ ಆರು ಜನ ಎಂದು ಬರೆದಿದೆ. ಭಾರ ಹೆಚ್ಚಾದರೆ ಗಂಟೆ ಹೊಡೆದುಕೊಳ್ಳುತ್ತದೆ. ಆಗ ಕೊನೆಗೆ ಹತ್ತಿದವರು ಇಳಿಯಬೇಕು. ಚಿಕ್ಕ ಲಿಫ್ಟು ಎಲ್ಲರಿಗಿಂತ ಮೊದಲೇ ಕೂತಿರುವುದರಿಂದ ಅವನು ಕೊನೆಯವನಾಗುವ ಮಾತೇ ಇಲ್ಲ. ಮೊದಮೊದಲು ಆರನೆಯವರು ಇಳಿದರು. ಬರಬರುತ್ತಾ ಐದನೆಯವರೂ ಇಳಿಯಬೇಕಾಯಿತು. "ಮೆಟ್ಟಿಲು ಹತ್ತಿ, ಮೈಗೆ ಒಳ್ಳೇದು" ಎಂದು ಸ್ಟೂಲಿನಿಂದಲೇ ಉಪದೇಶ ಬೇರೆ.

ಒಂದು ಬೆಳಿಗ್ಗೆ ಒಳಗೆ ಇದ್ದದ್ದು ನಾವಿಬ್ಬರೇ. ಗಂಟೆ ಹೊಡೆಯಿತು. ನಾನು ಇಳಿದೆ. ಆದರೂ ನಿಲ್ಲಲಿಲ್ಲ. ಚಿಕ್ಕ ಲಿಫ್ಟು ಎಷ್ಟೇ ದಪ್ಪವೆಂದರೂ ಆರು ಜನರಷ್ಟೇನಲ್ಲ. ಅವನು ಪಕ್ಕದ ಮೂಲೆ ನೋಡಿದ, ಮುಖ ಬಿಳಿಚಿಕೊಂಡಿತು. ಎದ್ದು ಹೊರಗೆ ಕಾಲಿಟ್ಟ ಕೂಡಲೇ ಗಂಟೆ ತಣ್ಣಗಾಯಿತು.

ಮೆಕ್ಯಾನಿಕ್ ಬಂದು ಮರಳಿನ ಚೀಲಗಳನ್ನು ಹೇರಿ ನೋಡಿದ. "ಮೆಷಿನ್ನು ಚೆನ್ನಾಗೇ ಇದೆ. ನಿಮ್ಮಲ್ಲೇ ಯಾರೋ ಸರಿ ಇಲ್ಲ" ಎಂದು ಹೇಳಿ ಹೋದ.

"ಅಣ್ಣ ಬರ್ತಾನೆ ಸಾಹುಕಾರ್ರೇ" ಎಂದ ಚಿಕ್ಕ ಲಿಫ್ಟು, ತಗ್ಗಿದ ದನಿಯಲ್ಲಿ. "ಸ್ಟೂಲು ಅವನದಲ್ವಾ? ಮೇಲೆ ಹೋಗ್ತಾ ಹೋಗ್ತಾ ಪಕ್ಕದಲ್ಲೇ ಉಸಿರು ಕೇಳುತ್ತೆ."

"ಹೊಟ್ಟೆ ನಿಂದು, ದೂರು ಸತ್ತವನ ಮೇಲಾ?"

ಅವನು ಮತ್ತೆ ಆ ಮೂಲೆಯತ್ತ ಕಣ್ಣು ಹಾಯಿಸಿದ.

"ಏನಂತಾನೆ ನಿಮ್ಮಣ್ಣ? ಬೇಗ ಬಾ ಅಂತಾನಾ?"

"ಇಲ್ಲ. ಇನ್ನೊಂದು ತಿನ್ನು ಅಂತಾನೆ."

ಹೊಟ್ಟೆಯನ್ನು ಒಪ್ಪಿಕೊಳ್ಳುವುದಕ್ಕಿಂತ ದೆವ್ವವನ್ನು ಒಪ್ಪಿಕೊಳ್ಳುವುದು ಅಗ್ಗವಪ್ಪಾ ಎಂದುಕೊಂಡೆ. ಆದರೂ ಅಂದಿನಿಂದ ಆ ಮೂಲೆಗೆ ಬೆನ್ನು ಕೊಟ್ಟು ನಿಲ್ಲುವುದನ್ನು ಬಿಟ್ಟೆ.

ಇನ್ನೊಂದು ದಿನ, ಮಳಿಗೆಗಳು ಊಟದ ಬಿಡುವು ಮುಗಿಸಿ ತೆರೆಯುವ ಹೊತ್ತು, ಕೆಳಗೆ ನೆಲಮಹಡಿಯಲ್ಲಿ ಲಿಫ್ಟು ತುಂಬುತ್ತಿತ್ತು, ನಾನೂ ಒಳಗಿದ್ದೆ. ಮೂರನೆಯ ಮಹಡಿಯ ಟೈಪಿಸ್ಟಮ್ಮನ ಚೀಲ ಬಾಗಿಲ ಹೊರಗೆ ಹರಿದು ನಿಂಬೆಹಣ್ಣೆಲ್ಲ ಚೆಲ್ಲಾಪಿಲ್ಲಿ. ಚಿಕ್ಕ ಲಿಫ್ಟು ಪಾಪ ಎದ್ದು ಹೋಗಿ ಆಯ್ದು ತಂದ, ಆಕೆ ಆಗಲೇ ಒಳಗೆ ಹತ್ತಿ ನಿಂತಿದ್ದಳು. ಒಳಗೆ ಕಾಲಿಟ್ಟನೋ ಇಲ್ಲವೋ, ಗಂಟೆ.

"ಕೊನೆಗೆ ಹತ್ತಿದ್ದು ಯಾರಪ್ಪಾ?" ಎಂದಳು ಟೈಪಿಸ್ಟಮ್ಮ.

"ಅಮ್ಮಾ, ನಾನು ಲಿಫ್ಟಿನೋನು!"

"ನನ್ನ ಮಂಡಿ ನೋವಿಗೆ ಈ ರೂಲು ತಪ್ಪಿತ್ತಾ? ಇಳಿ, ಇಳಿ. ಮೈಗೆ ಒಳ್ಳೇದು."

ಎಲ್ಲರೂ ನಕ್ಕರು. ಅವನು ಇಳಿದ. ಆಕೆಯೇ ಗುಂಡಿ ಒತ್ತಿದಳು. ಅದಕ್ಕೆ ಮೊದಲೇ ನಾನೂ ಹೊರಬಿದ್ದಿದ್ದೆ. ಇವನೇನು ಮಾಡುತ್ತಾನೆ ನೋಡದೆ ಹೋದರೆ ನನಗೆ ಸಂಜೆಯವರೆಗೆ ವ್ಯಾಪಾರ ಹತ್ತುತ್ತಿರಲಿಲ್ಲ.

ಚಿಕ್ಕ ಲಿಫ್ಟು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದ. ಆಮೇಲೆ ಮೆಟ್ಟಿಲಿನತ್ತ ತಿರುಗಿದ, ನಾನು ಅವನ ಹಿಂದೆ. ಕಂಬಿ ಹಿಡಿದು, ನಿಂತು, ಏದುಸಿರು ಬಿಟ್ಟು, ಮತ್ತೆ ಹತ್ತಿ, ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಅಂಗಿಯೆಲ್ಲ ಒದ್ದೆ. ಗೋಡೆಗೆ ಒರಗಿ ಕೈಯೆತ್ತಿದ.

"ಕೇಳಿ."

ಕೇಳಿದೆ. ಅವನ ಉಸಿರು, ನನ್ನ ಉಸಿರು.

"ಇಲ್ಲಿ ನಾವಿಬ್ರೇ ಇರೋದು" ಎಂದ. "ಅಣ್ಣ ಮೆಟ್ಟಿಲು ಹತ್ತಿದ್ದೇ ಇಲ್ಲ ಸಾಹುಕಾರ್ರೇ. ಬದುಕಿದ್ದಾಗ್ಲೂ."

ಅಷ್ಟರಲ್ಲಿ ಲಿಫ್ಟು ಕೆಳಗಿಳಿದು ಬಂತು. ನಾವು ಯಾರೂ ಕರೆದಿರಲಿಲ್ಲ. ನಮ್ಮೆದುರೇ ನಿಂತು ಬಾಗಿಲು ತೆರೆಯಿತು. ಒಳಗೆ ಸ್ಟೂಲು ಬಿಟ್ಟರೆ ಯಾರೂ ಇಲ್ಲ. ಕರಿದ ಎಣ್ಣೆಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಗಂಟೆ ಹೊಡೆಯುತ್ತಲೇ ಇತ್ತು.

ಚಿಕ್ಕ ಲಿಫ್ಟು ಗೋಡೆ ಬಿಟ್ಟು ಬಾಗಿಲಿನತ್ತ ತಿರುಗಿದ. ಒಂದೇ ಹೆಜ್ಜೆ ಮುಂದಿಟ್ಟರೆ ಕೂರಬಹುದಿತ್ತು. ಅವನು ಆ ಹೆಜ್ಜೆಯನ್ನು ಅರ್ಧ ಎತ್ತಿದ್ದನ್ನು ನಾನೇ ಕಂಡೆ.

"ಅಣ್ಣಾ, ನೀನು ಹೋಗು" ಎಂದ, ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ. "ನಂಗೆ ಸಾಕು."

ಬಾಗಿಲು ಮುಚ್ಚಲಿಲ್ಲ. ಅವನು ಕಾಯಲಿಲ್ಲ. ಕಂಬಿಗೆ ಕೈ ಹಾಕಿ ಮುಂದಿನ ಮೆಟ್ಟಿಲು ಹತ್ತಿದ.